ಗದ್ದೆ ಬಯಲಿನ ರಸ್ತೆ: ಮೂರು ಸಲ ಡಾಂಬರು ಹಾಕಿದರೂ ಅದೇ 220 ಮೀಟರ್ ಕಿತ್ತುಹೋಗುತ್ತಿದೆ. ಏನು ಕೇಳಬೇಕು?

ಪ್ರಶ್ನೆ
ನಾಲೆ ಪಕ್ಕದ ರೈತ, ಪಾಂಡವಪುರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಇಂಜಿನಿಯರ್ ಅಲ್ಲ. ಭತ್ತ, ಕಬ್ಬು ಬೆಳೆಯುವ ರೈತ. ಊರಿನವರು ಪಂಚಾಯಿತಿಗೆ ಆರಿಸಿ ಕಳಿಸಿದ್ದಾರೆ. ಅಲ್ಲಿಂದ ಈಚೆಗೆ ನನ್ನ ನಿದ್ದೆ ಕೆಡಿಸಿರುವುದು ಒಂದೇ ವಿಷಯ, ನಮ್ಮೂರ ರಸ್ತೆ.

ಮೇನ್ ರೋಡಿನಿಂದ ಊರಿಗೆ 1.8 ಕಿ.ಮೀ. ಡಾಂಬರಿನ ಅಗಲ 3.75 ಮೀಟರ್. ಮೊದಲ 600 ಮೀಟರ್ ಕೆಂಪು ಮಣ್ಣಿನ ದಿಬ್ಬ. ಅಕ್ಕಪಕ್ಕ ರಾಗಿ, ಹುರುಳಿ ಬೆಳೆಯುತ್ತಾರೆ. ಆಮೇಲೆ ವಿಶ್ವೇಶ್ವರಯ್ಯ ನಾಲೆಯ ಒಂದು ಉಪನಾಲೆ ದಾಟಿ ಗದ್ದೆ ಬಯಲಿಗೆ ಇಳಿಯುತ್ತದೆ. ಅಲ್ಲಿಂದ ಒಂದು 220 ಮೀಟರ್ ಇದೆ ನೋಡಿ, ಕಷ್ಟ ಇರುವುದು ಅಲ್ಲೇ. ಅದನ್ನು ದಾಟಿದರೆ ಊರ ತನಕ ಸುಮಾರಾಗಿದೆ. ಅಲ್ಲೊಂದು ಇಲ್ಲೊಂದು ಗುಂಡಿ, ಅಂಚು ಸ್ವಲ್ಪ ಒಡೆದಿದೆ, ಅಷ್ಟೇ.

ನನಗೆ ನೆನಪಿರುವ ಹಾಗೆ ಮೂರು ಸಲ ಡಾಂಬರು ಹಾಕಿದ್ದಾರೆ. 2014, 2018, ಮತ್ತೆ 2022. ಮೂರು ಸಲವೂ ಪೂರ್ತಿ ಉದ್ದಕ್ಕೆ ಒಂದೇ ತರಹ. ಮೂರು ಸಲವೂ ಆ 220 ಮೀಟರ್ ಒಂದೇ ಮಳೆಗಾಲಕ್ಕೆ ಬಾಯಿಬಿಟ್ಟಿತು. ಮೊದಲು ಡಾಂಬರು ಸಣ್ಣಸಣ್ಣ ಚೂರಾಗಿ ಸೀಳುತ್ತದೆ. ಆಮೇಲೆ ಆ ಸೀಳಿನಿಂದ ಬಿಳಿ ಕೆಸರು ಮೇಲೆ ಬರುತ್ತದೆ. ಹದಿನೈದು ದಿನ ಆದ ಮೇಲೆ ನೋಡಿದರೆ ಗುಂಡಿ. ಹೋದ ಅಕ್ಟೋಬರ್‌ನಲ್ಲಿ ನಮ್ಮ ಚಿಕ್ಕಪ್ಪ ಬೆಳಗಿನ ಜಾವ ಡೈರಿಗೆ ಹಾಲು ಒಯ್ಯುವಾಗ ನೀರು ತುಂಬಿದ ಗುಂಡಿ ಕಾಣದೆ ಬೈಕ್ ಸಮೇತ ಬಿದ್ದರು. ಮಣಿಕಟ್ಟು ಮುರಿಯಿತು. ಇವತ್ತಿಗೂ ಅವರಿಗೆ ಬಲಗೈಯಲ್ಲಿ ಹಾಲು ಕರೆಯಲು ಆಗುತ್ತಿಲ್ಲ.

ಈಗ ಮತ್ತೆ ಹಣ ಬರುವ ಸೂಚನೆ ಇದೆ. ಊರಿನಲ್ಲಿ ಅರ್ಧ ಜನ ಕಾಂಕ್ರೀಟ್ ಹಾಕಿಸಿ ಅನ್ನುತ್ತಾರೆ. ಇನ್ನರ್ಧ ಜನ ಡಾಂಬರನ್ನೇ ದಪ್ಪಗೆ ಹಾಕಿಸಿ ಅನ್ನುತ್ತಾರೆ. ಬರುವ ಹಣದಲ್ಲಿ ಪೂರ್ತಿ ಕಾಂಕ್ರೀಟ್ ಖಂಡಿತ ಆಗುವುದಿಲ್ಲ. ಎಸ್ಟಿಮೇಟ್ ಮಾಡಲು ಇಂಜಿನಿಯರ್ ಇನ್ನು ಇಪ್ಪತ್ತು ದಿನಕ್ಕೆ ಬರುತ್ತಾರೆ. ಅವರ ಹತ್ತಿರ ನಾನು ಏನು ಕೇಳಬೇಕು? ತಿಳಿದವರು ಹೇಳಿ. ನಾಲ್ಕನೇ ಸಲವೂ ಹೀಗೆ ಆದರೆ ಊರಿನವರಿಗೆ ಮುಖ ತೋರಿಸುವುದು ಹೇಗೆ?

ಉತ್ತರ 1
ನಿವೃತ್ತ ಜೆಇ, ಮೈಸೂರು

ನಮಸ್ಕಾರ. ಮಂಡ್ಯ ಜಿಲ್ಲೆಯಲ್ಲೇ ಜೂನಿಯರ್ ಇಂಜಿನಿಯರ್ ಆಗಿ ಹಳ್ಳಿ ರಸ್ತೆ ಮಾಡಿಸುತ್ತಾ ನನ್ನ ನೌಕರಿ ಮುಗಿಯಿತು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಸುಮ್ನೆ ಇರಲು ಆಗಲಿಲ್ಲ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ದಿಬ್ಬದ ಮೇಲೂ ಅದೇ ಡಾಂಬರು, ಅದೇ ಜಲ್ಲಿ, ಅದೇ ರೋಲರ್, ಓಡಾಡುವ ಗಾಡಿಯೂ ಅವೇ. ಅಲ್ಲಿ ನಿಂತಿದೆ, ಬಯಲಲ್ಲಿ ನಿಲ್ಲುತ್ತಿಲ್ಲ. ಹಾಗಾದರೆ ತಪ್ಪು ಡಾಂಬರಿನದ್ದಲ್ಲ, ಅಲ್ವಾ? ಅದರ ಕೆಳಗೆ ನೋಡಬೇಕು.

ಡಾಂಬರು ರಸ್ತೆಯಲ್ಲಿ ಭಾರ ಹೊರುವುದು ಡಾಂಬರು ಅಂತ ಜನ ತಿಳಿದಿದ್ದಾರೆ. ಹಳ್ಳಿ ರಸ್ತೆಯಲ್ಲಿ ಮೇಲೆ ಇರುವುದು 20 ಮಿಲಿಮೀಟರ್ ಹೊದಿಕೆ. ಅದು ಜಲ್ಲಿ ಏಳದ ಹಾಗೆ ಹಿಡಿದುಕೊಳ್ಳುತ್ತದೆ, ಮಳೆ ನೀರು ಒಳಗೆ ಇಳಿಯದ ಹಾಗೆ ತಡೆಯುತ್ತದೆ. ಅದರ ಕೆಲಸ ಅಷ್ಟೇ. ಭಾರ ಹೊರುವುದು ಕೆಳಗಿನ ಜಲ್ಲಿ ಪದರ, ಅದರ ಕೆಳಗಿನ ಗ್ರಾವಲ್, ಕೊನೆಗೆ ಮಣ್ಣು. ಟೈರು ಅಂಗೈಯಗಲದ ಜಾಗದಲ್ಲಿ ಒತ್ತುತ್ತದೆ. ಆ ಒತ್ತಡ ಪದರದಿಂದ ಪದರಕ್ಕೆ ಹರಡಿಕೊಂಡು ಮಣ್ಣಿಗೆ ತಲುಪುವಾಗ ಮಣ್ಣು ತಡೆಯುವಷ್ಟಕ್ಕೆ ಇಳಿದಿರಬೇಕು. ಮಣ್ಣು ಒಣಗಿದ್ದರೆ ತಡೆಯುತ್ತದೆ. ಅದೇ ಮಣ್ಣು ನೆಂದರೆ ಟೈರು ಹೋದಾಗೆಲ್ಲ ಬಾಗುತ್ತದೆ. ಮೇಲಿನ ಡಾಂಬರೂ ಜೊತೆಗೆ ಬಾಗಿ ಬಾಗಿ ಸೀಳುತ್ತದೆ. ಮೊಸಳೆ ಚರ್ಮದ ಹಾಗೆ ಚೌಕ ಚೌಕ ಸೀಳು ಬಂದಿದ್ದರೆ, ಸೀಳಿನಿಂದ ಕೆಸರು ಉಕ್ಕುತ್ತಿದ್ದರೆ ಕೆಳಗೆ ನೀರು ನಿಂತಿದೆ ಅಂತಲೇ ಅರ್ಥ. ನೀವು ಹೇಳಿದ ಬಿಳಿ ಕೆಸರು ಅದೇ.

1994ರಲ್ಲಿ ಮಳವಳ್ಳಿ ಕಡೆ ಒಂದು ರಸ್ತೆ ನನ್ನ ಕೈಯಲ್ಲೇ ಹೀಗಾಯಿತು. ಮಾರ್ಚ್‌ನಲ್ಲಿ ಕೆಲಸ ಮಾಡಿಸಿದೆ. ನಾಲೆಯಲ್ಲಿ ನೀರಿರಲಿಲ್ಲ, ಮಣ್ಣು ಕಲ್ಲಿನ ಹಾಗಿತ್ತು. ಚರಂಡಿಗೆ ಹಣ ಸಾಲದು ಅಂತ ಬಿಟ್ಟೆವು. ಆಗಸ್ಟ್‌ನಲ್ಲಿ ನಾಲೆಗೆ ನೀರು ಬಿಟ್ಟರು. ನವೆಂಬರ್‌ನಲ್ಲಿ ಹೋಗಿ ನೋಡಿದರೆ ಎತ್ತಿನ ಗಾಡಿ ಹೋದರೂ ರಸ್ತೆ ಅಲುಗುತ್ತಿತ್ತು. ಅವತ್ತಿನಿಂದ ಬೇಸಿಗೆಯಲ್ಲಿ ನೋಡಿದ ಮಣ್ಣನ್ನು ನಾನು ನಂಬುವುದಿಲ್ಲ.

ಇಂಜಿನಿಯರ್ ಬರುವ ಮೊದಲು ನೀವು ಒಂದು ಕೆಲಸ ಮಾಡಿ. ಪಂಚಾಯಿತಿಯಲ್ಲಿ ಹೇಳಿ, ಕೆಟ್ಟ ಜಾಗದಲ್ಲಿ ರಸ್ತೆಯ ಅಂಚಿನಿಂದ ಒಂದಡಿ ಒಳಗೆ ಬರುವ ಹಾಗೆ, ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಆಳ ಗುಂಡಿ ತೆಗೆಸಿ. ದಿಬ್ಬದ ಮೇಲೂ ಅಂಥದ್ದೇ ಒಂದು. ಮೇಲಿನಿಂದ ಕೆಳಗೆ ಏನೇನು ಎಷ್ಟು ದಪ್ಪ ಸಿಕ್ಕಿತು ಅಂತ ಟೇಪು ಹಿಡಿದು ಬರೆದುಕೊಳ್ಳಿ. ಹತ್ತಿರದ ಗದ್ದೆಯಲ್ಲಿ ನೀರು ನಿಂತಿದೆಯಾ, ರಸ್ತೆ ಗದ್ದೆ ಬದುವಿಗಿಂತ ಎಷ್ಟು ಎತ್ತರ ಇದೆ, ಮೋರಿ ಎಲ್ಲಿದೆ, ಅದರಲ್ಲಿ ನೀರು ಹರಿಯುತ್ತಾ, ಇಷ್ಟು ನೋಡಿ ತಿಳಿಸಿ. ಸಂಜೆಗೆ ಗುಂಡಿ ಮುಚ್ಚಿಸಿ, ಚೆನ್ನಾಗಿ ದಮ್ಮಸು ಮಾಡಿಸಿ. ರಾತ್ರಿ ಯಾರೂ ಬೀಳಬಾರದು.

ಉತ್ತರ 2
ಕಬ್ಬಿನ ಟ್ರ್ಯಾಕ್ಟರ್, ಮದ್ದೂರು

ಅಣ್ಣ, ಸಾರ್ ಹೇಳಿದ್ದು ಸರಿ. ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನನ್ನದು ಎರಡು ಟ್ರ್ಯಾಕ್ಟರ್ ಇವೆ. ಸುಗ್ಗಿಯಲ್ಲಿ ಫ್ಯಾಕ್ಟರಿಗೂ ಆಲೆಮನೆಗೂ ಕಬ್ಬು ಹೊಡೆಯುತ್ತೇನೆ. ಟ್ರೇಲರ್ ಮೇಲೆ ಎಷ್ಟು ನಿಲ್ಲುತ್ತೋ ಅಷ್ಟು ತುಂಬುತ್ತಿದ್ದೆವು. ನಮ್ಮೂರ ರಸ್ತೆಯ ಎರಡು ಕಡೆಯೂ ಚಕ್ರದ ಜಾಡಿನಲ್ಲಿ ಕಾಲುವೆ ಬಿದ್ದ ಮೇಲೆ ನಮಗೇ ಗಾಡಿ ಪಲ್ಟಿ ಆಗುವ ಭಯ ಬಂತು. ಈಗ ಒಂದು ಲೋಡು ಜಾಸ್ತಿ ಹೊಡೆದರೂ ಪರವಾಗಿಲ್ಲ ಅಂತ ಕಡಿಮೆ ತುಂಬುತ್ತೇವೆ.

ಅದಕ್ಕಿಂತ ಕೆಟ್ಟದ್ದು ಕೇಜ್ ವೀಲ್. ಗದ್ದೆ ಕೆಸರು ಮಾಡಲು ಹಾಕುವ ಕಬ್ಬಿಣದ ಚಕ್ರ ಬಿಚ್ಚದೆ ಹಾಗೇ ಡಾಂಬರಿನ ಮೇಲೆ ಒಂದು ಗದ್ದೆಯಿಂದ ಇನ್ನೊಂದು ಗದ್ದೆಗೆ ಓಡಿಸುತ್ತಾರೆ. ಹೊಸ ಡಾಂಬರಿನ ಮೇಲೆ ಒಂದು ಸಲ ಓಡಿಸಿದರೆ ಸಾಕು, ಪಟ್ಟಿ ಪಟ್ಟಿ ಗಾಯ. ಮಳೆ ನೀರು ಆ ಗಾಯದಿಂದಲೇ ಇಳಿಯುತ್ತದೆ. ನಮ್ಮೂರಲ್ಲಿ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು, ಕೇಜ್ ವೀಲ್ ರಸ್ತೆಗೆ ಬಂದರೆ ದಂಡ. ಚಕ್ರ ಬಿಚ್ಚಿ ಹಾಕಲು ಅರ್ಧ ಗಂಟೆ ಬೇಕು, ನಿಜ. ಆದರೆ ರಸ್ತೆ ಉಳಿದಿದೆ. ನಿಮ್ಮೂರಲ್ಲೂ ಇದನ್ನು ಮಾಡಿ.

ಪ್ರಶ್ನೆ ಕೇಳಿದವರು
ನಾಲೆ ಪಕ್ಕದ ರೈತ

ಸರ್, ನಿನ್ನೆ ಗುಂಡಿ ತೆಗೆಸಿದೆ. ನೋಡಿ ಗಾಬರಿ ಆಯಿತು.

ಮೊದಲು ದಿಬ್ಬದ ಮೇಲೆ. ಮೇಲೆ ಡಾಂಬರು ಒಟ್ಟು 5 ಸೆಂ.ಮೀ., ಮೂರು ಸಲ ಹಾಕಿದ್ದು ಮೂರು ಗೆರೆಯಾಗಿ ಕಾಣುತ್ತದೆ. ಕೆಳಗೆ 15 ಸೆಂ.ಮೀ. ಜಲ್ಲಿ. ಹಾರೆಯಲ್ಲಿ ಕುಟ್ಟಿದರೆ ಕಿಡಿ ಬಂತು, ಅಷ್ಟು ಬಿಗಿ. ಅದರ ಕೆಳಗೆ ಕೆಂಪು ಗರಸು ಮಣ್ಣು. ಒಂದು ಮೀಟರ್ ಇಳಿಯಲು ಇಬ್ಬರಿಗೆ ಮಧ್ಯಾಹ್ನದವರೆಗೆ ಹಿಡಿಯಿತು.

ಬಯಲಿನ ಗುಂಡಿ ಮುಕ್ಕಾಲು ಗಂಟೆಗೆ ಮುಗಿಯಿತು. ಡಾಂಬರು ಕೈಯಲ್ಲೇ ಎದ್ದು ಬಂತು, ಒಣಗಿದ ರೊಟ್ಟಿ ತರಹ. ಕೆಳಗೆ ಜಲ್ಲಿ ಇದೆ, ಆದರೆ ಪದರ ಅಂತ ಹೇಳಲು ಆಗುವುದಿಲ್ಲ. ಮೇಲೆ ನಾಲ್ಕು ಬೆರಳು ಜಲ್ಲಿ, ಆಮೇಲೆ ಜಲ್ಲಿ ಜೇಡಿ ಎರಡೂ ಕಲಸಿಹೋಗಿವೆ. ಇನ್ನೂ ಕೆಳಗೆ ಕಪ್ಪು ಜೇಡಿ, ಅದರ ಮಧ್ಯೆ ಒಂಟಿ ಒಂಟಿ ಕಲ್ಲು ಹೂತುಕೊಂಡಿವೆ. 60 ಸೆಂ.ಮೀ. ಆಳಕ್ಕೆ ಹೋದಾಗ ಪಶ್ಚಿಮದ ಗೋಡೆಯಿಂದ ನೀರು ಒಸರಲು ಶುರುವಾಯಿತು. ಆ ಕಡೆ ರಸ್ತೆಗೆ ಅಂಟಿಕೊಂಡೇ ಹೊಲಗಾಲುವೆ ಹೋಗುತ್ತದೆ. ಟೀ ಕುಡಿದು ಬರುವಷ್ಟರಲ್ಲಿ ಗುಂಡಿಯಲ್ಲಿ ಪಾದ ಮುಳುಗುವಷ್ಟು ನೀರು.

ರಸ್ತೆ ಗದ್ದೆ ಬದುವಿಗಿಂತ ಒಂದು ಗೇಣೂ ಎತ್ತರ ಇಲ್ಲ. ಚರಂಡಿ ಇಲ್ಲವೇ ಇಲ್ಲ. ಡಾಂಬರಿನ ಅಂಚಿನಲ್ಲಿ ಹುಲ್ಲು ಬೆಳೆದು ಮಣ್ಣು ಗುಡ್ಡೆಯಾಗಿ, ಅಂಚೇ ಮಧ್ಯಕ್ಕಿಂತ ಎತ್ತರ ಆಗಿದೆ. ಮೋರಿ ಒಂದೇ ಒಂದು. ಒಂದಡಿ ಪೈಪು, ಪೂರ್ತಿ ಹೂಳು. ಇನ್ನೊಂದು ಎಣಿಸಿದೆ ಸರ್. ಈ 220 ಮೀಟರ್‌ನಲ್ಲಿ ರೈತರು ನೀರು ಹಾಯಿಸಲು ರಸ್ತೆ ಅಗೆದು ಪೈಪು ಹಾಕಿ ಮುಚ್ಚಿರುವುದು ಏಳು ಕಡೆ. ಅದರಲ್ಲಿ ಒಂದು ನಮ್ಮ ಅಪ್ಪ ಹಾಕಿದ್ದು. ಗುಂಡಿಗಳು ಬಹಳ ಇರುವುದೂ ಆ ಏಳು ಗೆರೆಯ ಅಕ್ಕಪಕ್ಕವೇ.

ಉತ್ತರ 3
ನಿವೃತ್ತ ಜೆಇ, ಮೈಸೂರು

ಭೇಷ್. ನೀವು ಬರೆದಿದ್ದು ಓದಿದರೆ ಗುಂಡಿಯ ಪಕ್ಕ ನಿಂತು ನೋಡಿದ ಹಾಗೇ ಇದೆ.

ಆಗಿರುವುದು ಇದು. ಗದ್ದೆ ಮಟ್ಟದಲ್ಲೇ ಪೆಟ್ಟಿಗೆ ಹಾಗೆ ಮಣ್ಣು ಕತ್ತರಿಸಿ, ಅದರೊಳಗೆ ಜಲ್ಲಿ ಸುರಿದು, ಮೇಲೆ ಡಾಂಬರು ಬಳಿದಿದ್ದಾರೆ. ಎರಡು ಕಡೆಯೂ ಜೇಡಿ ಗೋಡೆ. ಕಾಲುವೆಯಿಂದ ಬಂದ ನೀರು, ಸೀಳಿನಿಂದ ಇಳಿದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಜಲ್ಲಿ ಬಾಣಲೆಯಲ್ಲಿ ನೆನೆಹಾಕಿದ ಹಾಗೆ ನೆನೆಯುತ್ತಿದೆ. ಮೇಲಿಂದ ಗಾಡಿ ಒತ್ತಿದಾಗೆಲ್ಲ ಕಲ್ಲು ಜೇಡಿಗೆ ಇಳಿಯುತ್ತದೆ, ಜೇಡಿ ಕಲ್ಲಿನ ಸಂದಿಗೆ ಏರುತ್ತದೆ. ಮೂರು ಸಲ ಹಾಕಿದ ಜಲ್ಲಿ ಎಲ್ಲಿ ಹೋಯಿತು ಅಂತ ಊರಿನವರು ಕೇಳಿದರೆ ಇದೇ ಉತ್ತರ. ಈ ಜಾಗದಲ್ಲಿ ಡಾಂಬರು ಎರಡು ಇಂಚು ಹಾಕಿದರೂ ಇದೇ ಗತಿ. ಕಾಂಕ್ರೀಟ್ ಹಾಕಿದರೆ ಸ್ವಲ್ಪ ವರ್ಷ ಜಾಸ್ತಿ ನಿಲ್ಲಬಹುದು. ಆದರೆ ಕೆಳಗಿನ ಆಧಾರ ಕುಸಿದರೆ ಚಪ್ಪಡಿಯೂ ಮುರಿಯುತ್ತದೆ, ಮುರಿದ ಕಾಂಕ್ರೀಟ್ ರಿಪೇರಿ ಮಾಡುವುದು ಡಾಂಬರಿಗಿಂತ ಕಷ್ಟ. ಊರೊಳಗೆ ಬಚ್ಚಲು ನೀರು ಹರಿಯುವ ಬೀದಿಗೆ ಕಾಂಕ್ರೀಟ್ ಸರಿ. ಇಲ್ಲಿ ಆ ಹಣವನ್ನು ಕೆಳಗೆ ಹಾಕಿ.

ಹಣದ ಮಾತಿಗೆ ಬರುತ್ತೇನೆ. ಹಿಂದೆ ಮೂರು ಸಲ ಆದ ದೊಡ್ಡ ತಪ್ಪು ಪೂರ್ತಿ 1.8 ಕಿ.ಮೀ.ಗೂ ಒಂದೇ ಮದ್ದು ಹಾಕಿದ್ದು. ದಿಬ್ಬಕ್ಕೆ ಬೇಕಿಲ್ಲದ ಡಾಂಬರು ಹೋಯಿತು, ಬಯಲಿಗೆ ಬೇಕಾದ ಮಣ್ಣು ಕೆಲಸ ಆಗಲಿಲ್ಲ. ಈ ಸಲ ಎಸ್ಟಿಮೇಟನ್ನೇ ಎರಡು ಭಾಗ ಮಾಡಿಸಿ. 220 ಮೀಟರ್ ತಳದಿಂದ ಹೊಸದಾಗಿ. ಉಳಿದ 1,580 ಮೀಟರ್‌ಗೆ ಗುಂಡಿ ಮುಚ್ಚುವುದು, ಸೀಳು ಮುಚ್ಚುವುದು, ಅಂಚಿಗೆ ಮಣ್ಣು ಕಟ್ಟುವುದು, ಡಾಂಬರು ಒಣಗಿ ಕಲ್ಲು ಉದುರುತ್ತಿರುವ ಕಡೆ ಸೀಲ್ ಕೋಟ್, ಅಂದರೆ ಸಂದಿ ಮುಚ್ಚುವ ತೆಳು ಡಾಂಬರಿನ ಹೊದಿಕೆ. ಅಷ್ಟು ಸಾಕು. ಹಳ್ಳಿ ರಸ್ತೆಯ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಐಆರ್‌ಸಿ ಎಸ್‌ಪಿ 72 ಅಂತ ಒಂದು ಮಾರ್ಗಸೂಚಿ ಇದೆ, 2015ರದ್ದು. ಅದರಲ್ಲಿ ಮಣ್ಣಿನ ಬಲ ಮತ್ತು ಭಾರಿ ಗಾಡಿಗಳ ಲೆಕ್ಕ, ಈ ಎರಡರಿಂದ ದಪ್ಪ ತೆಗೆಯುತ್ತಾರೆ. ಸುಗ್ಗಿ ಕಾಲದಲ್ಲಿ ಜಾಸ್ತಿ ಆಗುವ ಗಾಡಿಗಳನ್ನೂ ಅದರಲ್ಲಿ ಸೇರಿಸಬಹುದು. ನಿಮ್ಮ ಇಂಜಿನಿಯರ್‌ಗೆ ಕಬ್ಬಿನ ಸುಗ್ಗಿಯ ಲೆಕ್ಕ ಕೊಡಿ. ಆಷಾಢದಲ್ಲಿ ಎಣಿಸಿದ ಲೆಕ್ಕ ಸಾಲದು. ಬೈಕು, ಕಾರು ಎಷ್ಟು ಓಡಿದರೂ ರಸ್ತೆಗೆ ಏನೂ ಆಗುವುದಿಲ್ಲ. ಎಣಿಸಬೇಕಾದ್ದು ಲಾರಿ, ಬಸ್ಸು, ಲೋಡು ತುಂಬಿದ ಟ್ರೇಲರ್.

ಮದ್ದೂರಿನ ಅಣ್ಣ ಭಾರದ ಮಾತು ಎತ್ತಿದ್ದು ಬಹಳ ಒಳ್ಳೆಯದಾಯಿತು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ರಸ್ತೆ ಕಟ್ಟಿ, ಲಾರಿ ಓಡಿಸಿ ಒಂದು ದೊಡ್ಡ ಪರೀಕ್ಷೆ ಮಾಡಿದರು. ಅದರಿಂದ ತಿಳಿದಿದ್ದು, ಆಕ್ಸಲ್, ಅಂದರೆ ಚಕ್ರದ ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡರಷ್ಟಲ್ಲ, ಹೆಚ್ಚುಕಡಿಮೆ 16ರಷ್ಟು. ಒಂದೂವರೆ ಪಟ್ಟಾದರೆ ಐದರಷ್ಟು. ನಮ್ಮಲ್ಲಿ ಲೆಕ್ಕಕ್ಕೆ ಹಿಡಿಯುವ ಆಕ್ಸಲ್ ಭಾರ 8.16 ಟನ್. ಒಂದು ಟ್ರೇಲರ್ ಒಂದೂವರೆ ಪಟ್ಟು ಭಾರ ತುಂಬಿ ಹೋದರೆ ಹದವಾಗಿ ತುಂಬಿದ ಐದು ಟ್ರೇಲರ್ ಹೋದಷ್ಟು ಸವೆತ. ಊರಿನ ಸಭೆಯಲ್ಲಿ ಇದನ್ನು ಹೇಳಿ, ಜನಕ್ಕೆ ಅರ್ಥವಾಗುತ್ತದೆ.

ಈಗ 220 ಮೀಟರ್. ರಸ್ತೆಯ ಮಣ್ಣಿನ ಮೇಲ್ಮಟ್ಟ ನಿಂತ ನೀರಿನ ಮಟ್ಟಕ್ಕಿಂತ ಕನಿಷ್ಠ 60 ಸೆಂ.ಮೀ. ಎತ್ತರ ಇರಬೇಕು. ಅದಕ್ಕೆ ಏರಿ ಕಟ್ಟಬೇಕು. ಮಣ್ಣು ನಿಮ್ಮ ದಿಬ್ಬದ ಕಡೆಯ ಕೆಂಪು ಗರಸೇ ಒಳ್ಳೆಯದು. ಗದ್ದೆ ಪಕ್ಕದ ಜೇಡಿ ಹತ್ತಿರ ಸಿಗುತ್ತೆ ಅಂತ ಅದನ್ನೇ ಎತ್ತಿ ಹಾಕಲು ಬಿಡಬೇಡಿ. ಒಂದೊಂದು ಪದರ ಒಂದು ಗೇಣು ದಪ್ಪ, ನೀರು ಹಾಕಿ, ರೋಲರ್ ಹೊಡೆದು, ಆಮೇಲೆ ಮುಂದಿನದು. ನೀರಿನ ಹದ ನೋಡಲು ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಅಂಟಬಾರದು. ಉಂಡೆಯನ್ನು ಸೊಂಟದ ಎತ್ತರದಿಂದ ಬಿಟ್ಟರೆ ನಾಲ್ಕೈದು ಚೂರಾಗಬೇಕು. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾದರೆ ಜಾಸ್ತಿ. ಲ್ಯಾಬ್ ಪರೀಕ್ಷೆ ಬೇಕೇ ಬೇಕು, ಆದರೆ ಪ್ರತಿ ಪದರಕ್ಕೂ ಲ್ಯಾಬ್‌ನವರು ನಿಂತಿರುವುದಿಲ್ಲ. ನೀವು ಇರುತ್ತೀರಿ.

ಅದರ ಮೇಲೆ ಗ್ರಾವಲ್ ಪದರ, ಕಡತದಲ್ಲಿ ಜಿಎಸ್‌ಬಿ ಅಂತ ಇರುತ್ತದೆ. ಇದನ್ನು ಡಾಂಬರಿನ ಅಗಲಕ್ಕೆ ನಿಲ್ಲಿಸಬಾರದು. ಏರಿಯ ಎರಡೂ ಇಳಿಜಾರಿನ ತನಕ ಪೂರ್ತಿ ಹರಡಬೇಕು. ಒಳಗೆ ಸೇರಿದ ನೀರು ಈ ಪದರದಿಂದಲೇ ಬದಿಗೆ ಇಳಿದು ಚರಂಡಿಗೆ ಹೋಗುತ್ತದೆ. ಪೂರ್ತಿ ಕೆಲಸದಲ್ಲಿ ನೀವು ಒಂದೇ ಒಂದು ವಿಷಯಕ್ಕೆ ಹಠ ಹಿಡಿಯಬೇಕಾದರೆ ಇದಕ್ಕೆ ಹಿಡಿಯಿರಿ.

ಆಮೇಲೆ 75 ಮಿ.ಮೀ. ಜಲ್ಲಿ ಪದರ ಎರಡು. ಜಲ್ಲಿ ಸಂದಿಗೆ ಕ್ರಷರ್ ಪುಡಿ ತುಂಬಿ, ನೀರು ಹಾಕಿ ರೋಲರ್ ಹೊಡೆಯಬೇಕು. ಪುಡಿ ತರಲು ಸೋಮಾರಿತನ ಮಾಡಿ ಪಕ್ಕದ ಮಣ್ಣನ್ನೇ ಎಳೆದು ತುಂಬುವವರಿದ್ದಾರೆ, ಕಾವಲು ಇರಿ. ಮೇಲಿನ ಡಾಂಬರು 20 ಮಿ.ಮೀ. ಮತ್ತು ಸೀಲ್ ಕೋಟ್ ಸಾಕು. ಇದಕ್ಕೊಂದು ಸುಲಭ ಲೆಕ್ಕ ಹೇಳುತ್ತೇನೆ. 10 ಚದರ ಮೀಟರ್‌ಗೆ ಹೊದಿಕೆಗೆ 14.6 ಕೆ.ಜಿ., ಸೀಲ್ ಕೋಟ್‌ಗೆ 6.8 ಕೆ.ಜಿ. ಡಾಂಬರು ಬೇಕು. ನಿಮ್ಮ 3.75 ಮೀಟರ್ ಅಗಲಕ್ಕೆ 100 ಮೀಟರ್ ಉದ್ದ ಅಂದರೆ ಸುಮಾರು 800 ಕೆ.ಜಿ. ಒಂದು ಡ್ರಮ್ಮಿನಲ್ಲಿ ಸುಮಾರು 155 ಕೆ.ಜಿ. ಇರುತ್ತದೆ. 100 ಮೀಟರ್‌ಗೆ ಐದು ಡ್ರಮ್ಮಿಗೆ ಕಡಿಮೆ ಆದರೆ ಯಾಕೆ ಅಂತ ಕೇಳಿ. ಪ್ಲಾಂಟಿನಿಂದ ಬಿಸಿ ಮಾಲು, ಅಂದರೆ ಡಾಂಬರು ಕಲಸಿದ ಜಲ್ಲಿ, ಲಾರಿಯಲ್ಲಿ ಬಂದರೆ ಟಾರ್ಪಾಲು ಮುಚ್ಚಿರಬೇಕು. ವಿಜಿ 30 ಅನ್ನುವ ದರ್ಜೆಯ ಡಾಂಬರಾದರೆ ಹರಡುವಾಗ 140 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇರಬಾರದು, 90ಕ್ಕೆ ಇಳಿಯುವ ಮೊದಲು ರೋಲರ್ ಮುಗಿಯಬೇಕು. ಆರಿದ ಮಾಲಿನ ಮೇಲೆ ಎಷ್ಟು ಉರುಳಿಸಿದರೂ ಕೂರುವುದಿಲ್ಲ. ಮಧ್ಯ ಅಂಚಿಗಿಂತ ಸುಮಾರು 5 ಸೆಂ.ಮೀ. ಎತ್ತರ ಇರಲಿ. ದಾರ ಕಟ್ಟಿ ನೋಡಿದರೆ ತಿಳಿಯುತ್ತದೆ.

ಕೊನೆಗೆ ಆ ಏಳು ಪೈಪು. ರೈತರಿಗೆ ನೀರು ಬೇಕೇ ಬೇಕು, ಅಗೆಯಬೇಡಿ ಅಂದರೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಏರಿ ಕಟ್ಟುವಾಗಲೇ 30 ಮೀಟರ್‌ಗೆ ಒಂದರಂತೆ ಅಡ್ಡಲಾಗಿ ಗಟ್ಟಿ ಪೈಪು ಹೂಳಿಬಿಡಿ. ಯಾರಿಗೆ ಯಾವಾಗ ಬೇಕೋ ಅವರು ತಮ್ಮ ಪೈಪನ್ನು ಅದರೊಳಗೆ ತೂರಿಸಿಕೊಳ್ಳಲಿ. ನೀವು ಹೇಳಿದ ಒಂದಡಿ ಮೋರಿ ತೆಗೆಸಿ, ಒಳಗೆ ಗುದ್ದಲಿ ಆಡುವಷ್ಟು ದೊಡ್ಡದು ಹಾಕಿಸಿ. ಹೂಳು ತೆಗೆಯಲು ಆಗದ ಮೋರಿ ಇದ್ದೂ ಇಲ್ಲದ ಹಾಗೆ.

ಉತ್ತರ 4
ಮಣ್ಣಿನ ಲ್ಯಾಬ್, ಮಂಡ್ಯ

ನಾನು ಕಾಲೇಜಿನಲ್ಲಿ ಮಣ್ಣಿನ ಪರೀಕ್ಷೆ ಮಾಡಿಸುತ್ತೇನೆ. ಸರ್ ಹೇಳಿದ ಎಲ್ಲಕ್ಕೂ ನನ್ನ ಒಪ್ಪಿಗೆ ಇದೆ, ಒಂದನ್ನು ಬಿಟ್ಟು.

60 ಸೆಂ.ಮೀ. ಏರಿ ಕಟ್ಟಿದರೆ ಎರಡೂ ಬದಿ ಇಳಿಜಾರಿಗೆ ಜಾಗ ಬೇಕು. ಒಂದಕ್ಕೆ ಎರಡರ ಇಳಿಜಾರು ಅಂದರೆ ಒಂದೊಂದು ಕಡೆ 1.2 ಮೀಟರ್ ಗದ್ದೆ ಒಳಗೆ ಹೋಗುತ್ತದೆ. ಅದರಾಚೆ ಚರಂಡಿ. ನೀರಾವರಿ ಗದ್ದೆಯಲ್ಲಿ ಒಂದು ಮೊಳ ಬಿಡಲೂ ಜನ ಒಪ್ಪುವುದಿಲ್ಲ. ಹಾಗಾಗಿ ಎತ್ತರವನ್ನು ಅರ್ಧಕ್ಕೆ ಇಳಿಸಿ, ಚರಂಡಿಯನ್ನು ಆಳ ಮಾಡಿ, ಹೊಲಗಾಲುವೆಯ ರಸ್ತೆ ಕಡೆಯ ಗೋಡೆಗೆ ಕಾಂಕ್ರೀಟ್ ಹೊದಿಸಿದರೆ ಒಸರು ನಿಲ್ಲುತ್ತದೆ. ಇರುವ ಜೇಡಿಗೆ ಸುಣ್ಣ ಸೇರಿಸುವುದನ್ನೂ ಯೋಚಿಸಿ. ಒಣ ಮಣ್ಣಿನ ತೂಕದಲ್ಲಿ ನೂರಕ್ಕೆ 3ರಿಂದ 5ರಷ್ಟು ಸುಣ್ಣ ಕಲಸಿ ದಮ್ಮಸು ಮಾಡಿದರೆ ಜೇಡಿಯ ಅಂಟು ಕಡಿಮೆ ಆಗಿ ಬಲ ಏರುತ್ತದೆ. ಎಷ್ಟು ಅಂತ ಪರೀಕ್ಷೆ ಮಾಡಿಯೇ ನಿರ್ಧರಿಸಬೇಕು.

ಪರೀಕ್ಷೆಯ ಹೆಸರು ಸಿಬಿಆರ್. ಮಣ್ಣನ್ನು ಅಚ್ಚಿನಲ್ಲಿ ಕುಟ್ಟಿ ತುಂಬಿ, ನಾಲ್ಕು ದಿನ ನೀರಿನಲ್ಲಿ ನೆನೆಸಿ, ಆಮೇಲೆ 5 ಸೆಂ.ಮೀ. ವ್ಯಾಸದ ಉಕ್ಕಿನ ದಿಂಡನ್ನು ಒತ್ತುತ್ತೇವೆ. ಗಟ್ಟಿ ಜಲ್ಲಿಯೊಳಗೆ ಅದು 2.5 ಮಿ.ಮೀ. ಇಳಿಯಲು 1,370 ಕೆ.ಜಿ. ಭಾರ ಬೇಕು. ನಿಮ್ಮ ಮಣ್ಣಿಗೆ 41 ಕೆ.ಜಿ., ಅಂದರೆ ಅದರಲ್ಲಿ ನೂರಕ್ಕೆ 3ರಷ್ಟು ಸಾಕಾದರೆ ಸಿಬಿಆರ್ 3. ನಾಲ್ಕು ದಿನ ನೆನೆಸುವುದು ಮಳೆಗಾಲದ ಸ್ಥಿತಿ ತಿಳಿಯಲಿ ಅಂತ. ಸಿಬಿಆರ್ 2ಕ್ಕಿಂತ ಕಡಿಮೆ ಬಂದರೆ ಆ ಮಣ್ಣಿನ ಮೇಲೆ ನೇರವಾಗಿ ರಸ್ತೆ ಕಟ್ಟಬಾರದು.

ಮನೆಯಲ್ಲೇ ಮಾಡಬಹುದಾದ ಒಂದು ನೋಟ ಹೇಳುತ್ತೇನೆ. ಜೇಡಿಯನ್ನು ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿ ಹಿಡಿಯಿರಿ. ಒಂದೇ ಅಳತೆಯ ಎರಡು ಗಾಜಿನ ಲೋಟಕ್ಕೆ ಎರಡೆರಡು ಚಮಚ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಡ್ಡಿಯಿಂದ ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನ ಲೋಟದಲ್ಲಿ ಮಣ್ಣು ಅದರ ಒಂದೂವರೆ ಪಟ್ಟಿಗಿಂತ ಎತ್ತರ ನಿಂತಿದ್ದರೆ ಅದು ಉಬ್ಬುವ ಮಣ್ಣು. ಅಂಥದ್ದರ ಮೇಲೆ ಜಾಸ್ತಿ ಎಚ್ಚರ ಬೇಕು. ಲ್ಯಾಬ್‌ನಲ್ಲೂ ಇದೇ ಪರೀಕ್ಷೆಯನ್ನು ತೂಕ, ಅಳತೆ ಹಿಡಿದು ಮಾಡುತ್ತೇವೆ.

ಇನ್ನೊಂದು. ಜಲ್ಲಿ ಜೇಡಿಗೆ ಇಳಿಯದ ಹಾಗೆ ನಡುವೆ ಒಂದು ಬಟ್ಟೆ ಹಾಸಬಹುದು, ಜಿಯೋಟೆಕ್ಸ್‌ಟೈಲ್ ಅನ್ನುತ್ತಾರೆ. ತೆಂಗಿನ ನಾರಿನದ್ದೂ ಇದೆ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಅದನ್ನು ಬಳಸಲು 2020ರಲ್ಲಿ ಒಪ್ಪಿಗೆ ಸಿಕ್ಕಿದೆ. 220 ಮೀಟರ್‌ಗೆ ದೊಡ್ಡ ಖರ್ಚಲ್ಲ.

ಉತ್ತರ 5
ನಿವೃತ್ತ ಜೆಇ, ಮೈಸೂರು

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಜಾಗದ ಮಾತು ನನಗೆ ಹೊಳೆಯಲಿಲ್ಲ. ಕಾಲುವೆ ಗೋಡೆ ಗಟ್ಟಿ ಮಾಡಿ, ಚರಂಡಿ ಆಳ ಮಾಡಿ, ಒಂದಡಿ ಏರಿಸಿದರೂ ನಡೆಯುತ್ತದೆ. ಆದರೆ ಚರಂಡಿಯ ಕೊನೆ ಎಲ್ಲಿಗೆ ಬಿಡುತ್ತೀರಿ ಅಂತ ಮೊದಲೇ ನೋಡಿಕೊಳ್ಳಿ. ಎಷ್ಟೋ ಕಡೆ ಚಂದದ ಚರಂಡಿ ಕಟ್ಟಿ, ಕೊನೆಯಲ್ಲಿ ಹಳ್ಳಕ್ಕೆ ಸೇರಿಸದೆ ಬಿಟ್ಟಿರುವುದನ್ನು ನೋಡಿದ್ದೇನೆ. ಅದು ಉದ್ದನೆಯ ತೊಟ್ಟಿ ಅಷ್ಟೇ.

ಕೆಲಸ ಆದ ಮೇಲಿನ ಮಾತೂ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ, ಮುಂಗಾರು ಹಿಡಿಯುವ ಮೊದಲು ಮೋರಿ ಚರಂಡಿಗಳ ಹೂಳು ತೆಗೆಸಿ. ಅಂಚಿನ ಹುಲ್ಲು ಮಣ್ಣು ಕೆರೆಸಿ, ಡಾಂಬರಿಗಿಂತ ತಗ್ಗಿ ಹೊರಗೆ ಇಳಿಜಾರು ಇರಲಿ. ಇದಕ್ಕೆ ನಾಲ್ಕು ಜನ ಎರಡು ದಿನ ಕೆಲಸ ಮಾಡಿದರೆ ಸಾಕು. ಹಿಂಗಾರು ಮುಗಿದ ಮೇಲೆ, ಡಿಸೆಂಬರ್‌ನಲ್ಲಿ ಗುಂಡಿಗಳು. ಗುಂಡಿ ಅಂಗೈಯಗಲ ಇದ್ದಾಗಲೇ ಮುಚ್ಚಿ.

ಮುಚ್ಚುವ ರೀತಿ ಮುಖ್ಯ. ಗುಂಡಿಯೊಳಗೆ ಮಾಲು ಸುರಿದು ಗುದ್ದಲಿಯಲ್ಲಿ ತಟ್ಟಿ ಹೋದರೆ ಒಂದು ವಾರಕ್ಕೆ ಎದ್ದುಬರುತ್ತದೆ. ಸುತ್ತಲಿನ ಸಡಿಲ ಡಾಂಬರನ್ನು ಚೌಕಾಕಾರವಾಗಿ, ಅಂಚು ನೆಟ್ಟಗೆ ನಿಲ್ಲುವ ಹಾಗೆ ಕತ್ತರಿಸಬೇಕು. ಒಳಗಿನ ಕೆಸರು, ದೂಳು ಪೂರ್ತಿ ತೆಗೆದು ಒಣಗಿಸಬೇಕು. ತಳಕ್ಕೂ ನಾಲ್ಕು ಗೋಡೆಗೂ ಎಮಲ್ಷನ್, ಅಂದರೆ ನೀರಿನಲ್ಲಿ ಬೆರೆಸಿದ ಡಾಂಬರು, ಬಳಿಯಬೇಕು. ಬಳಿದಾಗ ಅದು ಕಂದು ಬಣ್ಣ ಇರುತ್ತದೆ. ಕಪ್ಪಾಗುವ ತನಕ ಕಾಯಬೇಕು, ನೀರು ಬಿಟ್ಟುಕೊಂಡಿತು ಅಂತ ಅರ್ಥ. ಆಮೇಲೆ ಮಾಲು ಪದರ ಪದರವಾಗಿ ತುಂಬಿ, ಅಂಚಿನಿಂದ ಮಧ್ಯಕ್ಕೆ ಕುಟ್ಟಬೇಕು. ಕೊನೆಗೆ ಸುತ್ತಲ ರಸ್ತೆಗಿಂತ ಒಂದು ನೂಲು ಎತ್ತರ ಇರಲಿ, ಗಾಡಿ ಓಡಿ ಕೂರುತ್ತದೆ.

ಗುತ್ತಿಗೆಯಲ್ಲಿ ನಿರ್ವಹಣೆ ಎಷ್ಟು ವರ್ಷ ಅಂತ ಕೇಳಿ ಬರೆಸಿಕೊಳ್ಳಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಕಟ್ಟಿದವರೇ ಐದು ವರ್ಷ ನೋಡಿಕೊಳ್ಳಬೇಕು. ನಿಮ್ಮದು ಬೇರೆ ಯೋಜನೆ ಆದರೂ ಅವಧಿ ಎಷ್ಟು ಅಂತ ಫಲಕದಲ್ಲಿ ಬರೆಸಿ, ಊರ ಮುಂದೆ ನಿಲ್ಲಿಸಿ.

ಪ್ರಶ್ನೆ ಕೇಳಿದವರು
ನಾಲೆ ಪಕ್ಕದ ರೈತ

ಸರ್, ಮೇಡಂ, ಮದ್ದೂರಿನ ಅಣ್ಣ, ಎಲ್ಲರಿಗೂ ಕೈಮುಗಿಯುತ್ತೇನೆ.

ನಿನ್ನೆ ಇಂಜಿನಿಯರ್ ಬಂದಿದ್ದರು. ಗುಂಡಿಯ ಅಳತೆ, ಫೋಟೋ, ಏಳು ಪೈಪಿನ ಲೆಕ್ಕ, ಎರಡು ಲೋಟ, ಎಲ್ಲ ತೋರಿಸಿದೆ. ನೀರಿನ ಲೋಟದಲ್ಲಿ ಮಣ್ಣು ಹೆಚ್ಚುಕಡಿಮೆ ಎರಡರಷ್ಟು ಉಬ್ಬಿತ್ತು. ಅವರು ಲೋಟವನ್ನು ಬಹಳ ಹೊತ್ತು ನೋಡಿದರು. ಎಸ್ಟಿಮೇಟ್ ಎರಡು ಭಾಗ ಮಾಡಲು ಒಪ್ಪಿದ್ದಾರೆ. ಎರಡು ಚೀಲ ಮಣ್ಣು ಸಿಬಿಆರ್ ಪರೀಕ್ಷೆಗೆ ಕಳಿಸಿದ್ದೇವೆ. ವರದಿ ಬಂದ ಮೇಲೆ ದಪ್ಪ ನಿರ್ಧಾರ.

ಜಾಗದ ವಿಷಯದಲ್ಲಿ ಮೇಡಂ ಹೇಳಿದ ಹಾಗೇ ಆಯಿತು. ಪಶ್ಚಿಮ ಕಡೆಯ ಒಬ್ಬರು ಒಂದು ಗೇಣೂ ಕೊಡುವುದಿಲ್ಲ ಅಂದರು. ಅಡ್ಡ ಪೈಪು ಮೊದಲೇ ಹೂಳುತ್ತಾರೆ, ನಿಮ್ಮ ಗದ್ದೆಯ ಹತ್ತಿರವೇ ಒಂದು ಬರುತ್ತದೆ ಅಂತ ಕೂತು ಹೇಳಿದೆ. ಎರಡಡಿ ಬಿಡಲು ಒಪ್ಪಿದ್ದಾರೆ. ಕೇಜ್ ವೀಲ್ ಮಾತು ಸೋಮವಾರದ ಸಭೆಗೆ ಇಟ್ಟಿದ್ದೇನೆ. ಮೊದಲು ನಮ್ಮ ಮನೆಯ ಟ್ರ್ಯಾಕ್ಟರಿನ ಚಕ್ರ ಬಿಚ್ಚಿಸಿದೆ.

ಹಣ ಬರುವ ತನಕ ಸುಮ್ನೆ ಕೂರುವುದು ಬೇಡ ಅಂತ ಇವತ್ತು ಬೆಳಗ್ಗೆ ಆರು ಜನ ಸೇರಿ ಆ ಒಂದಡಿ ಮೋರಿಗೆ ಕೈ ಹಾಕಿದೆವು. ಪೂರ್ವದ ಬಾಯಿಂದ ಬಿದಿರು ಗಳ ತೂರಿಸಿ, ಪಶ್ಚಿಮದಿಂದ ಎಳೆದೆವು. ಮೂವತ್ತಕ್ಕೂ ಜಾಸ್ತಿ ಬಾಂಡ್ಲಿ ಹೂಳು, ತೆಂಗಿನ ಮಟ್ಟೆ, ಗೊಬ್ಬರದ ಚೀಲ ಬಂತು. ಹತ್ತೂವರೆಗೆ ಒಂದು ಸಲ ಗೊಳಕ್ ಅಂತ ಸದ್ದಾಯಿತು, ಆಮೇಲೆ ನೀರು ಕಟ್ಟೆ ಒಡೆದ ಹಾಗೆ ನುಗ್ಗಿತು. ರಸ್ತೆ ಬದಿಗೆ ಒಂದು ಗಳ ನೆಟ್ಟು ನೀರಿನ ಮಟ್ಟಕ್ಕೆ ಸುಣ್ಣದ ಗುರುತು ಹಾಕಿದ್ದೆ. ಈಗ ಸಂಜೆ ಹೋಗಿ ನೋಡಿ ಬಂದೆ. ನೀರು ಗುರುತಿನಿಂದ ಒಂಬತ್ತು ಬೆರಳು ಕೆಳಗೆ ಇದೆ.